ಮುಟ್ಟುವ ಮುಂಚೆ: ಆಸ್ಪತ್ರೆ ನಡೆಸುವವರಿಗೆ ಒಬ್ಬ ನರ್ಸ್ ಬರೆದ ಬಹಿರಂಗ ಪತ್ರ

ನಮ್ಮ ರಾಜ್ಯದ ಆಸ್ಪತ್ರೆಗಳ ವೈದ್ಯಕೀಯ ಅಧೀಕ್ಷಕರಿಗೆ, ಆಡಳಿತ ಮಂಡಳಿಯವರಿಗೆ, ವಾರ್ಡಿಗೆ ಬೇಕಾದ ಸಾಮಾನು ಕೇಳುವ ಇಂಡೆಂಟ್‌ಗೆ ಸಹಿ ಹಾಕುವ ಎಲ್ಲ ಹಿರಿಯರಿಗೆ,

ನಮಸ್ಕಾರ.

ನಾನು ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ ಆಯಿತು. ಯಾವ ಊರು, ಯಾವ ಆಸ್ಪತ್ರೆ ಅಂತ ಇಲ್ಲಿ ಬರೆಯುವುದಿಲ್ಲ. ಒಂದು ಹೆಸರು ಹೇಳಿದರೆ ಉಳಿದವರೆಲ್ಲ "ನಮ್ಮಲ್ಲಿ ಹಾಗಿಲ್ಲ ಬಿಡಿ" ಅಂದುಕೊಂಡು ಪತ್ರ ಮಡಚಿಡುತ್ತಾರೆ. ಖಾಸಗಿ, ಸರ್ಕಾರಿ ಎರಡರಲ್ಲೂ ಕೆಲಸ ಮಾಡಿದ್ದೇನೆ. ಈಗ ಹೇಳಲು ಹೊರಟಿರುವ ಕೈ ಸ್ವಚ್ಛತೆಯ ವಿಷಯದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ನನಗೆ ಕಂಡಿಲ್ಲ.

2021ರ ಮೇ ತಿಂಗಳು, ಎರಡನೇ ಅಲೆ. 32 ಹಾಸಿಗೆಯ ಕೋವಿಡ್ ವಾರ್ಡು. ನೈಟ್ ಡ್ಯೂಟಿಗೆ ಇಬ್ಬರು ನರ್ಸು, ಒಬ್ಬರು ಆಯಾ. ರಾತ್ರಿ ಎರಡು ಗಂಟೆ ಇರಬಹುದು. ಹದಿಮೂರನೇ ಬೆಡ್‌ನವರಿಗೆ ಡಯಾಪರ್ ಬದಲಿಸಿದೆ. ಗ್ಲೌಸ್ ಮೇಲೆ ಒಂದಿಷ್ಟು ಸ್ಯಾನಿಟೈಸರ್ ಹಾಕಿ ಉಜ್ಜಿಕೊಂಡು ಹಾಗೇ ಹದಿನಾಲ್ಕನೇ ಬೆಡ್‌ಗೆ ಬಂದೆ. ಅಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಇಂಜೆಕ್ಷನ್ ಕೊಡಬೇಕು ಅಂತ ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ನಳಿಕೆ) ಇದ್ದ ಕೈ ಹಿಡಿದುಕೊಂಡೆ. ಅಜ್ಜಿ ಆಕ್ಸಿಜನ್ ಮಾಸ್ಕ್ ಸ್ವಲ್ಪ ಪಕ್ಕಕ್ಕೆ ಸರಿಸಿ ಕೇಳಿದರು.

"ಕೈ ತೊಳ್ಕಂಡೇನವ್ವಾ?"

"ಗ್ಲೌಸ್ ಹಾಕಿದೀನಿ ಅಜ್ಜಿ, ಏನೂ ಆಗಲ್ಲ" ಅಂದೆ.

"ಅದು ನಿಂಗಾಯ್ತು. ನಂಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋಗಿ ಹೊರಗಿನ ಗ್ಲೌಸ್ ಬದಲಿಸಿಕೊಂಡು ಬಂದೆ. ಆದರೆ ಅದಕ್ಕೆ ಮುಂಚೆ ಎಷ್ಟು ರಾತ್ರಿ, ಎಷ್ಟು ಬೆಡ್‌ಗಳಿಗೆ ಹಾಗೇ ಹೋಗಿದ್ದೆನೋ. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮಾರನೇ ದಿನ ಅಜ್ಜಿಯ ಮಗಳು ಫೋನ್ ಮಾಡಿದಾಗ ಗೊತ್ತಾಯಿತು, ಅಜ್ಜಿ ಅವರ ಊರಿನ ಸೂಲಗಿತ್ತಿ. ಊರಲ್ಲಿ ಅರ್ಧ ಜನ ಹುಟ್ಟಿದ್ದು ಅವರ ಕೈಯಲ್ಲೇ ಅಂತೆ. ಹೆರಿಗೆಗೆ ಕರೆ ಬಂದರೆ ಮೊದಲು ಉಗುರು ಕತ್ತರಿಸಿಕೊಂಡು, ಬಳೆ ತೆಗೆದಿಟ್ಟು, ಮೊಣಕೈವರೆಗೆ ಬಿಸಿನೀರು, ಸೋಪು ಹಾಕಿ ತೊಳೆದೇ ಒಳಗೆ ಹೋಗುತ್ತಿದ್ದರಂತೆ. ಹಿಂದೆ ದಾಯಿಗಳಿಗೆ ತರಬೇತಿ ಕೊಡುವಾಗ ಐದು ಸ್ವಚ್ಛತೆ ಅಂತ ಹೇಳಿಕೊಡುತ್ತಿದ್ದರು: ಕೈ, ಹೆರಿಗೆಯ ಜಾಗ, ಬ್ಲೇಡು, ಹೊಕ್ಕುಳಬಳ್ಳಿ ಕಟ್ಟುವ ದಾರ, ಮಗುವಿನ ಹೊಕ್ಕುಳು. ಮೊದಲನೆಯದೇ ಕೈ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ನನ್ನ ಹತ್ತಿರ ಮೂರೂವರೆ ವರ್ಷದ ನರ್ಸಿಂಗ್ ಡಿಪ್ಲೊಮಾ ಇತ್ತು.

ಹಿರಿಯರೇ, ಕೋವಿಡ್ ಸಮಯದಲ್ಲಿ ಆಸ್ಪತ್ರೆಯಲ್ಲಿ ಯಾರೂ ಕೈ ಸ್ವಚ್ಛ ಮಾಡಿಕೊಳ್ಳಲಿಲ್ಲ ಅಂತ ನಾನು ಹೇಳುತ್ತಿಲ್ಲ. ನಾವು ಹಿಂದೆಂದೂ ತೊಳೆಯದಷ್ಟು ಕೈ ತೊಳೆದೆವು. ಆದರೆ ತೊಳೆದದ್ದು ನಮಗೋಸ್ಕರ. ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚ್‌ನಲ್ಲಿ. ಆ ಹಿರಿಯರಿಗೆ ಚಿಕಿತ್ಸೆ ಕೊಟ್ಟ ವೈದ್ಯರಿಗೂ ಸೋಂಕು ತಗಲಿದೆ ಅನ್ನುವ ಸುದ್ದಿ ಕೆಲವೇ ದಿನದಲ್ಲಿ ಬಂತು. ಆ ದಿನದಿಂದ ನಮಗೆಲ್ಲ ಒಂದೇ ಯೋಚನೆ. ಮನೆಗೆ ಹೋಗಿ ಮಕ್ಕಳನ್ನು ಮುಟ್ಟಬಹುದಾ? ಅತ್ತೆಗೆ ಶುಗರ್ ಇದೆ, ಅವರಿಗೆ ಏನಾದರೂ ಆದರೆ? ಹೀಗಾಗಿ ಡ್ಯೂಟಿ ಮುಗಿದ ಮೇಲೆ ತೊಳೆದೆವು, ಊಟಕ್ಕೆ ಮುಂಚೆ ತೊಳೆದೆವು, ಪಿಪಿಇ ಕಿಟ್ ಬಿಚ್ಚುವಾಗ ಹೆಜ್ಜೆ ಹೆಜ್ಜೆಗೂ ಸ್ಯಾನಿಟೈಸರ್ ಹಾಕಿಕೊಂಡೆವು. ಒಬ್ಬ ರೋಗಿಯನ್ನು ಮುಟ್ಟಿ ಇನ್ನೊಬ್ಬ ರೋಗಿಯನ್ನು ಮುಟ್ಟುವ ಮುಂಚೆ ಮಾತ್ರ ತೊಳೆಯಲಿಲ್ಲ, ಆರು ಗಂಟೆ ಒಂದೇ ಗ್ಲೌಸಿನಲ್ಲಿ ಓಡಾಡಿದೆವು.

ಅದರಲ್ಲೇನು ತೊಂದರೆ, ವಾರ್ಡಲ್ಲಿ ಎಲ್ಲರಿಗೂ ಕೋವಿಡ್ಡೇ ಅಲ್ವಾ ಅಂತ ನೀವು ಕೇಳಬಹುದು. ನಾನೂ ಆಗ ಹಾಗೇ ಅಂದುಕೊಂಡಿದ್ದೆ. ಕೋವಿಡ್ ಹರಡುವುದು ಮುಖ್ಯವಾಗಿ ಉಸಿರಿನಿಂದ, ಗಾಳಿಯಿಂದ. ಅದು ನಿಜ. ಆದರೆ ಕೈಯಿಂದ ಕೈಗೆ ಹೋಗುವ ಬೇರೆ ರೋಗಾಣುಗಳು ಆ ವಾರ್ಡಲ್ಲಿ ಬೇಕಾದಷ್ಟು ಇದ್ದವು. ಸ್ಟೀರಾಯ್ಡ್ ಕೊಟ್ಟು ಮೈಯ ಶಕ್ತಿ ಕುಗ್ಗಿದ ರೋಗಿಗಳು. ಒಬ್ಬೊಬ್ಬರ ಮೈಯಲ್ಲೂ ಕ್ಯಾನುಲಾ, ಮೂತ್ರದ ನಳಿಕೆ, ಕೆಲವರಿಗೆ ವೆಂಟಿಲೇಟರ್. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದೇಶದ ಹತ್ತು ಆಸ್ಪತ್ರೆಗಳಲ್ಲಿ 2020ರ ಜೂನ್‌ನಿಂದ ಆಗಸ್ಟ್‌ವರೆಗೆ ದಾಖಲಾದ 17,534 ಕೋವಿಡ್ ರೋಗಿಗಳ ಲೆಕ್ಕ ತೆಗೆದಿತ್ತು. ಅವರಲ್ಲಿ 100ಕ್ಕೆ 3.6 ಜನಕ್ಕೆ ಕೋವಿಡ್ ಮೇಲೆ ಇನ್ನೊಂದು ಸೋಂಕು ತಗಲಿತ್ತು. ಒಟ್ಟು ರೋಗಿಗಳಲ್ಲಿ ತೀರಿಕೊಂಡವರು 100ಕ್ಕೆ 10.6. ಈ ಎರಡನೇ ಸೋಂಕು ತಗಲಿದವರಲ್ಲಿ ತೀರಿಕೊಂಡವರು 100ಕ್ಕೆ 56.7. ಹೆಚ್ಚು ಕಂಡ ರೋಗಾಣು ಕ್ಲೆಬ್ಸಿಯೆಲ್ಲಾ, ಆಮೇಲೆ ಅಸಿನೆಟೊಬ್ಯಾಕ್ಟರ್. ಐಸಿಯುದಲ್ಲಿ ಕೆಲಸ ಮಾಡಿದವರಿಗೆ ಈ ಎರಡು ಹೆಸರು ಕೇಳಿದರೆ ಸಾಕು. ನಮ್ಮ ಹತ್ತಿರ ಇರುವ ಆಂಟಿಬಯೋಟಿಕ್‌ಗೆ ಅವು ಬಗ್ಗುವುದೇ ಕಷ್ಟ. ಆಸ್ಪತ್ರೆಯ ಒಳಗೇ ಓಡಾಡುವ ರೋಗಾಣು ಅವು. ಒಬ್ಬರಿಂದ ಒಬ್ಬರಿಗೆ ಅವನ್ನು ಹೊತ್ತೊಯ್ಯುವುದು ಬಹುಪಾಲು ನಮ್ಮ ಕೈ.

ನಾವು ಕೋವಿಡ್‌ನಿಂದ ಹೋದರು ಅಂತ ಬರೆದುಕೊಂಡವರಲ್ಲಿ ಎಷ್ಟು ಜನ ಹೀಗೆ ಹೋದರೋ. ನನ್ನ ಕೈಯಿಂದ ಯಾರಿಗೆ ಏನು ದಾಟಿತೋ. ಈ ಪತ್ರ ಬರೆಯಲು ಕಾರಣ ಅದೇ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಸಂದರ್ಭ ನಿಮಗೆಲ್ಲ ಗೊತ್ತು. ಪ್ರತಿ ವಾರ್ಡಿನ ಗೋಡೆಯ ಮೇಲೂ ಚಿತ್ರ ಇದೆ. ರೋಗಿಯನ್ನು ಮುಟ್ಟುವ ಮುಂಚೆ. ಇಂಜೆಕ್ಷನ್, ಡ್ರೆಸ್ಸಿಂಗ್‌ನಂಥ ಕೆಲಸಕ್ಕೆ ಮುಂಚೆ. ರಕ್ತ, ಮೂತ್ರ, ಕಫ ತಾಗಿದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ರೋಗಿಯ ಮಂಚ, ಮೇಜು ಮುಟ್ಟಿದ ಮೇಲೆ. ಇದರಲ್ಲಿ 'ಮುಂಚೆ' ಎರಡು, 'ಮೇಲೆ' ಮೂರು. ಮೇಲೆ ಅನ್ನುವ ಮೂರೂ ನಮಗೆ ತಾನಾಗೇ ಬರುತ್ತವೆ, ಯಾಕೆಂದರೆ ಕೈಗೆ ಹೇಸಿಗೆ ಆಗಿರುತ್ತದೆ, ಭಯ ಇರುತ್ತದೆ. ಮುಂಚೆ ಅನ್ನುವ ಎರಡೂ ಬರುವುದಿಲ್ಲ. ಆಗ ಕೈ ನೋಡುವುದಕ್ಕೆ ಚೆನ್ನಾಗೇ ಇರುತ್ತದೆ. ಆ ಎರಡೂ ಪೂರ್ತಿ ರೋಗಿಗೋಸ್ಕರ ಇರುವಂಥವು.

ಇದು ಹೊಸ ಮಾತೂ ಅಲ್ಲ. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡು ಇದ್ದವು. ಒಂದರಲ್ಲಿ ವೈದ್ಯರು, ವೈದ್ಯ ವಿದ್ಯಾರ್ಥಿಗಳು. ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಾರ್ಡಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಎಷ್ಟೋ ಜಾಸ್ತಿ. ಅಲ್ಲಿಗೆ ಮಾತ್ರ ಹಾಕಬೇಡಿ ಅಂತ ಬಸುರಿಯರು ಕಾಲು ಹಿಡಿದು ಅಳುತ್ತಿದ್ದರಂತೆ. ಇಗ್ನಾಜ್ ಸೆಮ್ಮೆಲ್ವೈಸ್ ಅನ್ನುವ ವೈದ್ಯರು ಕಾರಣ ಹುಡುಕಿದರು. ವೈದ್ಯರು, ವಿದ್ಯಾರ್ಥಿಗಳು ಹೆಣ ಕೊಯ್ಯುವ ಕೋಣೆಯಿಂದ ನೇರ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಆ ಕೆಲಸ ಇರಲಿಲ್ಲ. 1847ರ ಮೇ ತಿಂಗಳಲ್ಲಿ ಅವರು ವಾರ್ಡಿನ ಬಾಗಿಲಲ್ಲೇ ಕೈ ತೊಳೆಯಲು ಕ್ಲೋರಿನ್ ಸುಣ್ಣದ ನೀರು ಇಡಿಸಿದರು. ಏಪ್ರಿಲ್‌ನಲ್ಲಿ 100ಕ್ಕೆ 18 ಇದ್ದ ಸಾವು ಜೂನ್ ಹೊತ್ತಿಗೆ 100ಕ್ಕೆ 2ರ ಆಸುಪಾಸಿಗೆ ಇಳಿಯಿತು. ಆಗಿನ ಹಿರಿಯರು ಒಪ್ಪಲಿಲ್ಲ. ವೈದ್ಯರ ಕೈಯಿಂದ ಸಾವು ಬರುತ್ತದೆ ಅನ್ನುವುದು ಅವರಿಗೆ ಅವಮಾನ ಅನ್ನಿಸಿತು. ಸೆಮ್ಮೆಲ್ವೈಸ್ 1865ರಲ್ಲಿ, 47ನೇ ವಯಸ್ಸಿಗೆ, ಮಾನಸಿಕ ಆಸ್ಪತ್ರೆಯಲ್ಲಿ ತೀರಿಹೋದರು. ಅವರು ಮೊದಲು ಮಾಡಿದ ಕೆಲಸವನ್ನು ಗಮನಿಸಿ. ಗೋಡೆಗೆ ಚೀಟಿ ಅಂಟಿಸಿ ಸುಮ್ಮನಾಗಲಿಲ್ಲ. ತೊಳೆಯುವ ನೀರನ್ನು ಬಾಗಿಲಿಗೆ ತಂದಿಟ್ಟರು.

ನಮ್ಮ ವಾರ್ಡಿನ ಲೆಕ್ಕ ಕೇಳಿ. ಒಂದು ರೌಂಡಿನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಒಮ್ಮೆ ಕೈ ಸ್ವಚ್ಛ ಮಾಡಬೇಕು, ಕ್ಯಾನುಲಾ ಮುಟ್ಟುವ ಮುಂಚೆ ಇನ್ನೊಮ್ಮೆ. 32 ಜನಕ್ಕೆ 64 ಸಲ. ಹದಿನಾಲ್ಕನೇ ಬೆಡ್‌ನಿಂದ ಬೇಸಿನ್‌ಗೆ 31 ಹೆಜ್ಜೆ. ನಾನೇ ಎಣಿಸಿದ್ದೇನೆ. ಸೋಪು ಹಾಕಿ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡು ಬೇಕು. ಹೋಗಿ, ತೊಳೆದು, ಒರೆಸಿಕೊಂಡು ಬರಲು ಒಂದೂವರೆ ನಿಮಿಷ ಅಂದರೂ 64 ಸಲಕ್ಕೆ 96 ನಿಮಿಷ. ಒಂದೇ ರೌಂಡಿಗೆ! ಅಷ್ಟರಲ್ಲಿ ಯಾರಿಗೋ ಆಕ್ಸಿಜನ್ ಇಳಿದಿರುತ್ತದೆ, ಇನ್ನಾರೋ ಮಾಸ್ಕ್ ಕಿತ್ತು ಹಾಕಿರುತ್ತಾರೆ. ಯಾವ ನರ್ಸಿಂದ ಇದು ಆಗುತ್ತದೆ ಹೇಳಿ. ಅದೇ ಬೆಡ್‌ನ ಪಕ್ಕದಲ್ಲಿ ಆಲ್ಕೋಹಾಲ್ ಹ್ಯಾಂಡ್ ರಬ್ (ನೀರಿಲ್ಲದೆ ಕೈಗೆ ಉಜ್ಜಿಕೊಳ್ಳುವ ಸ್ಯಾನಿಟೈಸರ್) ಇದ್ದರೆ ಒಂದು ಸಲಕ್ಕೆ 20 ಸೆಕೆಂಡು. 64 ಸಲಕ್ಕೆ 21 ನಿಮಿಷ. ಅದೂ ರೋಗಿಯ ಹತ್ತಿರ ಮಾತಾಡುತ್ತಲೇ ಉಜ್ಜಿಕೊಳ್ಳಬಹುದು.

ಸ್ವಿಟ್ಜರ್ಲೆಂಡಿನ ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ದಿದಿಯೆ ಪಿಟೆ ಅನ್ನುವ ವೈದ್ಯರು ಮತ್ತು ಅವರ ತಂಡ ಮಾಡಿದ್ದು ಇದನ್ನೇ. ಬೇಸಿನ್ ಹತ್ತಿರ ಹೋಗಿ ಅಂತ ಬೈಯುವ ಬದಲು ಹ್ಯಾಂಡ್ ರಬ್ ಬಾಟಲಿಯನ್ನು ಹಾಸಿಗೆಯ ಪಕ್ಕಕ್ಕೇ ತಂದರು. ಜೊತೆಗೆ ತಿಳಿವಳಿಕೆ ಹೇಳಿದರು, ಎಷ್ಟು ಜನ ಪಾಲಿಸುತ್ತಾರೆ ಅಂತ ಅಳೆದು ವಾರ್ಡಿನವರಿಗೇ ತೋರಿಸಿದರು. 1994ರಲ್ಲಿ 100ಕ್ಕೆ 48 ಸಲ ಆಗುತ್ತಿದ್ದ ಕೈ ಸ್ವಚ್ಛತೆ 1997ಕ್ಕೆ 66 ಆಯಿತು. ಆಸ್ಪತ್ರೆಯಲ್ಲೇ ತಗಲುವ ಸೋಂಕು 100ಕ್ಕೆ 16.9 ಇದ್ದದ್ದು 9.9ಕ್ಕೆ ಇಳಿಯಿತು. ಅಷ್ಟು ಸಿರಿವಂತ ದೇಶದಲ್ಲೂ ಮೊದಲು ಅರ್ಧಕ್ಕಿಂತ ಕಡಿಮೆಯೇ ಇತ್ತು ಅನ್ನುವುದನ್ನು ನೆನಪಿಡಿ. ಅಲ್ಲಿಯ ಜನ ಕೆಟ್ಟವರಾಗಿರಲಿಲ್ಲ, ನಾವೂ ಅಲ್ಲ.

ಈಗ ನಮ್ಮ ಬಾಟಲಿಯ ಕಥೆ. ಕೋವಿಡ್‌ಗೆ ಮುಂಚೆ ನಮ್ಮ ವಾರ್ಡಿಗೆ ತಿಂಗಳಿಗೆ ಬರುತ್ತಿದ್ದದ್ದು ಅರ್ಧ ಲೀಟರಿನ ನಾಲ್ಕು ಬಾಟಲಿ. ಒಂದು ಡಾಕ್ಟರ ಮೇಜಿನ ಮೇಲೆ, ಒಂದು ಡ್ರೆಸ್ಸಿಂಗ್ ಟ್ರಾಲಿಯಲ್ಲಿ, ಎರಡು ಬೀರುವಿನಲ್ಲಿ. ಬೀರುವಿಗೆ ಬೀಗ. ಕೀಲಿ ಇನ್‌ಚಾರ್ಜ್ ಸಿಸ್ಟರ್ ಹತ್ತಿರ, ಅವರ ಡ್ಯೂಟಿ ಹಗಲು. ರಾತ್ರಿ ಖಾಲಿಯಾದರೆ ಬೆಳಿಗ್ಗೆವರೆಗೆ ಇಲ್ಲ. ಬೀಗ ಹಾಕಿದ್ದಕ್ಕೆ ಅವರನ್ನು ದೂರುವುದಿಲ್ಲ. ಕಳುವಾದರೆ ಅವರೇ ಲೆಕ್ಕ ಕೊಡಬೇಕಿತ್ತು. ಕೋವಿಡ್ ಬಂದ ಮೇಲೆ ಸ್ಯಾನಿಟೈಸರ್ ಕ್ಯಾನ್‌ಗಟ್ಟಲೆ ಬಂತು. ಗೇಟಿನಲ್ಲಿ, ಲಿಫ್ಟ್ ಹತ್ತಿರ, ಆಫೀಸಿನಲ್ಲಿ, ಎಲ್ಲೆಲ್ಲೂ ಕಾಲಿಂದ ಒತ್ತುವ ಸ್ಟ್ಯಾಂಡು. ಹಾಸಿಗೆಯ ಪಕ್ಕಕ್ಕೆ ಮಾತ್ರ ಬರಲಿಲ್ಲ. ತಪಾಸಣೆಗೆ ತಂಡ ಬರುವ ದಿನ ಒಂದೊಂದು ಮಂಚಕ್ಕೂ ಒಂದೊಂದು ಹೊಸ ಬಾಟಲಿ ತೂಗುಹಾಕಿದ್ದರು. ಮಾರನೇ ಬೆಳಿಗ್ಗೆ ಹೊತ್ತಿಗೆ ಎಲ್ಲಾ ಸ್ಟೋರಿಗೆ ವಾಪಸ್. ಬೀಗ ಹಾಕಿದ ಬೀರುವಿನಲ್ಲಿ ತುಂಬಿದ ಬಾಟಲಿ ಇದ್ದಾಗಲೇ, ಬರಿಗೈಯಲ್ಲಿ ಒಂದು ಬೆಡ್‌ನಿಂದ ಇನ್ನೊಂದಕ್ಕೆ ನಡೆದು ಹೋಗಿದ್ದೇನೆ.

ಎಷ್ಟು ಬೇಕಾಗುತ್ತದೆ ಅನ್ನುವುದಕ್ಕೂ ಅಳತೆ ಇದೆ. ಒಬ್ಬ ರೋಗಿ ಒಂದು ದಿನ ಹಾಸಿಗೆಯಲ್ಲಿದ್ದರೆ ಒಂದು ರೋಗಿ-ದಿನ. ಇಂಥ 1,000 ದಿನಕ್ಕೆ ಕನಿಷ್ಠ 20 ಲೀಟರ್ ಹ್ಯಾಂಡ್ ರಬ್ ಖರ್ಚಾಗಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 100 ಹಾಸಿಗೆಯ ಆಸ್ಪತ್ರೆ ತುಂಬಿದ್ದರೆ ತಿಂಗಳಿಗೆ 60 ಲೀಟರ್. ನಮ್ಮ 32 ಹಾಸಿಗೆಗೆ 19 ಲೀಟರ್ ಬೇಕಿತ್ತು. ಬರುತ್ತಿದ್ದದ್ದು ಎರಡು. ನಿಮ್ಮ ಸ್ಟೋರ್ ರಿಜಿಸ್ಟರ್ ತೆಗೆದು ಈ ಲೆಕ್ಕ ಹಾಕಿ ನೋಡಿ. ಹ್ಯಾಂಡ್ ರಬ್ ಜಾಸ್ತಿ ಖರ್ಚಾಗಿದೆ ಅಂತ ಯಾವ ವಾರ್ಡನ್ನೂ ಇನ್ನುಮುಂದೆ ಪ್ರಶ್ನೆ ಮಾಡಬೇಡಿ. ಕಡಿಮೆ ಖರ್ಚಾದ ವಾರ್ಡನ್ನು ಕೇಳಿ.

ದುಡ್ಡಿಲ್ಲ ಅನ್ನುವುದಾದರೆ ಅದಕ್ಕೂ ದಾರಿ ಇದೆ. ಹ್ಯಾಂಡ್ ರಬ್ ಆಸ್ಪತ್ರೆಯ ಔಷಧ ವಿಭಾಗದಲ್ಲೇ ತಯಾರಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯೇ ಕೊಟ್ಟ ಸೂತ್ರ: 10 ಲೀಟರಿಗೆ 96 ಪರ್ಸೆಂಟ್ ಎಥನಾಲ್ 8,333 ಮಿಲಿಲೀಟರ್, 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ 417, ಗ್ಲಿಸರಿನ್ 145, ಉಳಿದದ್ದು ಕುದಿಸಿ ಆರಿಸಿದ ನೀರು. ಬಾಟಲಿಗೆ ತುಂಬಿ 72 ಗಂಟೆ ಹಾಗೇ ಇಟ್ಟು ಆಮೇಲೆ ಬಳಸಬೇಕು. ಬೆಂಕಿಯ ವಸ್ತು, ಹಾಗಾಗಿ ತಯಾರಿಸುವ ಜಾಗ, ಇಡುವ ಜಾಗ ಎರಡರಲ್ಲೂ ಎಚ್ಚರ ಬೇಕು, ಪರವಾನಗಿಯೂ ಬೇಕು. ಆದರೆ 2020ರಲ್ಲಿ ಸಕ್ಕರೆ ಕಾರ್ಖಾನೆ, ಡಿಸ್ಟಿಲರಿಗಳಿಗೆಲ್ಲ ಸ್ಯಾನಿಟೈಸರ್ ಮಾಡಲು ಸರ್ಕಾರ ಬೇಗ ಬೇಗ ಅನುಮತಿ ಕೊಟ್ಟಿತ್ತು. ಕಬ್ಬು ಬೆಳೆಯುವ ನಾಡಿದು. ಮನಸ್ಸು ಮಾಡಿದರೆ ಆಗುತ್ತದೆ ಅಂತ ಆಗ ನೋಡಿದ್ದೇವೆ.

ಹ್ಯಾಂಡ್ ರಬ್ ಇದ್ದರೆ ನೀರು ಬೇಡ ಅಂತಲ್ಲ. ಕೈಗೆ ರಕ್ತ, ಮಲ ಅಂಟಿದರೆ ಸೋಪು, ನೀರೇ ಆಗಬೇಕು. ಬೇಸಿಗೆಯಲ್ಲಿ ಮೇಲಿನ ಟ್ಯಾಂಕ್ ಖಾಲಿಯಾದರೆ ವಾರ್ಡಿನ ನಲ್ಲಿಯಲ್ಲಿ ಬರೀ ಗಾಳಿ. ಬಕೆಟ್‌ನಲ್ಲಿ ನೀರು, ಅದಕ್ಕೊಂದು ಮಗ್ಗು, ಆ ಮಗ್ಗನ್ನು ಎಲ್ಲರೂ ಹಿಡಿಯಬೇಕು. ಸೋಪಿನ ಡಬ್ಬಿಯಲ್ಲಿ ನೀರು ನಿಂತು ಸೋಪು ಮುದ್ದೆಯಾಗಿರುತ್ತದೆ. ಪಕ್ಕದ ಮೊಳೆಗೆ ಒಂದು ಟವೆಲ್, ಸೋಮವಾರ ಹಾಕಿದ್ದು ಶನಿವಾರದವರೆಗೆ, ಡಾಕ್ಟರಿಂದ ಹಿಡಿದು ಆಯಾವರೆಗೆ ಎಲ್ಲರ ಕೈಯೂ ಅದಕ್ಕೇ. ತೊಳೆದದ್ದಕ್ಕಿಂತ ತೊಳೆಯದಿದ್ದರೆ ವಾಸಿ ಅನ್ನಿಸುವ ಟವೆಲ್. ಮೊಣಕೈಯಿಂದ ತಿರುಗಿಸುವ ನಲ್ಲಿ, ಪಂಪ್ ಮಾಡುವ ಸೋಪು, ಬಳಸಿ ಬಿಸಾಡುವ ಕಾಗದ. ಹೊಸ ಕಟ್ಟಡಕ್ಕೆ ಗ್ರಾನೈಟ್ ಹಾಕಿಸುವ ಮುಂಚೆ ಇವನ್ನು ಹಾಕಿಸಿ ಅಂತ ಕೇಳಿಕೊಳ್ಳುತ್ತೇನೆ.

ನಮ್ಮ ಆಯಾ ಒಬ್ಬರ ವಿಷಯ ಹೇಳಲೇಬೇಕು. ಹೊರಗುತ್ತಿಗೆಯವರು. ಬೆಡ್‌ಪ್ಯಾನ್ ಎತ್ತುವುದು, ಡಯಾಪರ್ ಬಿಸಾಡುವುದು, ಮೈ ಒರೆಸುವುದು, ಗಂಜಿ ಕುಡಿಸುವುದು ಎಲ್ಲಾ ಅವರೇ. ವಾರ್ಡಲ್ಲಿ ಅತಿ ಹೆಚ್ಚು ಜನರನ್ನು ಮುಟ್ಟುವ ಕೈ ಅವರದು. ಕೈ ಸ್ವಚ್ಛತೆಯ ತರಬೇತಿಗೆ ಅವರನ್ನು ಒಂದು ಸಲವೂ ಕರೆಯಲಿಲ್ಲ. ತರಬೇತಿ ಇಂಗ್ಲಿಷ್‌ನಲ್ಲಿ, ಸ್ಲೈಡ್ ಇಂಗ್ಲಿಷ್‌ನಲ್ಲಿ, ಗೋಡೆಯ ಚಿತ್ರದ ಕೆಳಗಿನ ಅಕ್ಷರವೂ ಇಂಗ್ಲಿಷೇ. ಒಂದು ದಿನ ಡಾಕ್ಟರ ಮೇಜಿನ ಬಾಟಲಿ ಒತ್ತಿಕೊಂಡಾಗ "ಅದು ಸಾಹೇಬರಿಗೆ ಇಟ್ಟಿರೋದು" ಅಂತ ಯಾರೋ ಗದರಿದರು. ಆಮೇಲೆ ಅವರು ಅದನ್ನು ಮುಟ್ಟಲೇ ಇಲ್ಲ. ನಾನು ಅಲ್ಲೇ ಇದ್ದೆ, ಏನೂ ಅನ್ನಲಿಲ್ಲ. ಅನ್ನಬೇಕಿತ್ತು.

ವೈದ್ಯರು ಬೇಜಾರು ಮಾಡಿಕೊಳ್ಳಬಾರದು. ರೌಂಡ್ಸ್ ಬಂದಾಗ ಹಿರಿಯ ಡಾಕ್ಟರು ಮೊದಲ ಬೆಡ್‌ನಲ್ಲಿ ಹ್ಯಾಂಡ್ ರಬ್ ಹಾಕಿಕೊಂಡರೆ ಹಿಂದಿರುವ ಹತ್ತು ಜನವೂ ಹಾಕಿಕೊಳ್ಳುತ್ತಾರೆ. ಅವರು ಹಾಕದಿದ್ದರೆ ಒಬ್ಬರೂ ಹಾಕುವುದಿಲ್ಲ. ಹತ್ತೊಂಬತ್ತು ವರ್ಷ ಇದನ್ನೇ ನೋಡಿದ್ದೇನೆ. ನಾವು ನರ್ಸುಗಳೂ ಬಳೆ, ಉಂಗುರ, ಕೈದಾರ ಬಿಚ್ಚಿಡಲು ಹಿಂದೆಮುಂದೆ ನೋಡುತ್ತೇವೆ. ನನಗೂ ಮೊದಲು ಕಷ್ಟ ಆಯಿತು. ಈಗ ಡ್ಯೂಟಿಗೆ ಹೊರಡುವಾಗ ಬಳೆ ದೇವರ ಮುಂದೆ ತೆಗೆದಿಟ್ಟು ಬರುತ್ತೇನೆ. ಆ ಅಜ್ಜಿಯಿಂದ ಕಲಿತದ್ದು.

ಇನ್ನೊಂದು ಸಣ್ಣ ವಿಷಯ, ಚರ್ಮದ್ದು. ಅಗ್ಗದ ಸೋಪಿನಲ್ಲಿ ದಿನಕ್ಕೆ ಮೂವತ್ತು ಸಲ ತೊಳೆದರೆ ಗೆಣ್ಣು ಬಿರಿದು ರಕ್ತ ಬರುತ್ತದೆ. ಮನೆಗೆ ಹೋಗಿ ಹಸಿಮೆಣಸಿನಕಾಯಿ ಹೆಚ್ಚಿದರೆ ರಾತ್ರಿಯಿಡೀ ಉರಿ. ಬಿರುಕು ಬಿಟ್ಟ ಕೈಯಲ್ಲಿ ರೋಗಾಣು ಕೂರುವುದೂ ಜಾಸ್ತಿ, ತೊಳೆಯಲು ಮನಸ್ಸೂ ಬರುವುದಿಲ್ಲ. ಗ್ಲಿಸರಿನ್ ಇರುವ ಹ್ಯಾಂಡ್ ರಬ್ ಸೋಪಿಗಿಂತ ಕೈಗೆ ಹಿತ. ಜೊತೆಗೆ ವಾರ್ಡಿಗೊಂದು ಕೈಗೆ ಹಚ್ಚುವ ಕ್ರೀಮ್ ಕೊಡಿ.

ರೋಗಿಗಳಿಗೂ ಅವರ ಮನೆಯವರಿಗೂ ಕೇಳುವ ಧೈರ್ಯ ಕೊಡಿ. ಪ್ರತಿ ಮಂಚದ ತಲೆಯ ಹತ್ತಿರ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಒಂದು ಸಾಲು ಬರೆಸಿ: "ನಮ್ಮನ್ನು ಕೇಳಿ, ಕೈ ಸ್ವಚ್ಛ ಮಾಡಿಕೊಂಡಿರಾ?" ಕೆಳಗೆ ನಿಮ್ಮ ಸಹಿ ಇರಲಿ. ನಿಮ್ಮ ಸಹಿ ಇದ್ದರೆ ಕೇಳಿದವರ ಮೇಲೆ ಯಾರೂ ರೇಗುವುದಿಲ್ಲ. ಅವತ್ತು ಅಜ್ಜಿಯ ಪ್ರಶ್ನೆಗೆ ನನಗೆ ಒಂದು ಕ್ಷಣ ಸಿಟ್ಟು ಬಂದಿತ್ತು. ನಿದ್ದೆಗೆಟ್ಟಿದ್ದೆ, ಗಾಗಲ್ಸ್ ಒಳಗೆ ಬೆವರು ಇಳಿಯುತ್ತಿತ್ತು. ಅದನ್ನು ನೆಪ ಅಂತ ಹೇಳುತ್ತಿಲ್ಲ. ಇಬ್ಬರು ನರ್ಸಿಗೆ 32 ರೋಗಿ ಅನ್ನುವುದು ಇದ್ದಷ್ಟು ದಿನ ಯಾವ ಬಾಟಲಿ ಇಟ್ಟರೂ ಕೆಲಸ ಅರ್ಧವೇ. ಕೈ ಜಾಸ್ತಿ ಬೇಕು. ಇದನ್ನು ನಮ್ಮ ಸಂಘಟನೆಗಳು ಬೇರೆ ಬೇರೆ ಕಡೆ ಹೇಳುತ್ತಲೇ ಬಂದಿವೆ, ಮತ್ತೆ ಉದ್ದ ಮಾಡುವುದಿಲ್ಲ.

ಅಜ್ಜಿ ಹನ್ನೊಂದನೇ ದಿನ ಮನೆಗೆ ಹೋದರು. ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡು ಹಿಂದೆಮುಂದೆ ತಿರುಗಿಸಿ ನೋಡಿದರು. "ಎಣ್ಣೆ ಹಚ್ಕೊ ತಾಯಿ, ಬಿರ್ಕು ಬಿಟ್ಟೈತೆ" ಅಂದರು.

ಪ್ರತಿ ವರ್ಷ ಮೇ 5ಕ್ಕೆ ಕೈ ಸ್ವಚ್ಛತೆಯ ದಿನ. ಎರಡು ಕೈಯ ಐದೈದು ಬೆರಳಿನ ನೆನಪಿಗೆ ಐದನೇ ತಿಂಗಳ ಐದನೇ ದಿನ. ನಮ್ಮಲ್ಲೂ ರಂಗೋಲಿ ಹಾಕುತ್ತೇವೆ, ಫೋಟೋ ತೆಗೆಸುತ್ತೇವೆ. ಈ ಸಲ ಭಾಷಣಕ್ಕೆ ಬರುವ ಮುಂಚೆ ನಿಮ್ಮ ಆಸ್ಪತ್ರೆಯ ಯಾವುದಾದರೂ ಒಂದು ವಾರ್ಡಿಗೆ, ರಾತ್ರಿ ಹನ್ನೊಂದರ ಮೇಲೆ, ಯಾರಿಗೂ ಹೇಳದೆ ಬನ್ನಿ. ಅತಿ ದೂರದ ಹಾಸಿಗೆಯ ಹತ್ತಿರ ನಿಂತು ಅಲ್ಲಿಂದ ಬಾಟಲಿಗೆ, ನಲ್ಲಿಗೆ ಎಷ್ಟು ಹೆಜ್ಜೆ ಅಂತ ನಡೆದು ಎಣಿಸಿ. ನಲ್ಲಿ ತಿರುಗಿಸಿ ನೋಡಿ. ಬೀರುವಿನ ಕೀಲಿ ಯಾರ ಹತ್ತಿರ ಇದೆ ಅಂತ ಡ್ಯೂಟಿಯಲ್ಲಿರುವ ಸಿಸ್ಟರನ್ನು ಕೇಳಿ.

ಇತಿ,
ನಿಮ್ಮ ವಾರ್ಡುಗಳಲ್ಲೊಂದರಲ್ಲಿ ಇವತ್ತು ರಾತ್ರಿ ಡ್ಯೂಟಿಯಲ್ಲಿರುವ
ಒಬ್ಬ ಸ್ಟಾಫ್ ನರ್ಸ್